ನಮ್ಮ ನೆರೆಹೊರೆ: ಸಸೂನ್ ಮನೆತನದ ಧರ್ಮಖಾತೆ

ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಡೆದ ಒಂದು ಚರ್ಚೆಯಿಂದಲೇ ಈ ಸಲದ ಅಂಕಣವನ್ನು ಆರಂಭಿಸುತ್ತೇವೆ. ವಿಷಯವೇನೋ ಸಣ್ಣದು. ಸಂಘದ ವಾಚನಾಲಯಕ್ಕೆ ಸಂಜೆಯ ಹೊತ್ತು ಎದುರು ಚಾಳಿನ ಐದಾರು ಹುಡುಗರು ಬಂದು ಕುಳಿತು ಶಾಲೆಯ ಪಾಠ ಓದಿಕೊಳ್ಳುತ್ತಾರೆ. ಮನೆಯಲ್ಲಿ ಕೂರಲು ಜಾಗವಿಲ್ಲದ ಮಕ್ಕಳು. ಗಲಾಟೆ ಮಾಡುವವರಲ್ಲ. ಆದರೆ ಅವರಾರಿಗೂ ಕನ್ನಡ ಬಾರದು. ಹಿರಿಯ ಸದಸ್ಯರೊಬ್ಬರು ಎದ್ದು, "ಸ್ವಾಮಿ, ನಾವು ವಂತಿಗೆ ಎತ್ತಿದ್ದು ಕನ್ನಡಕ್ಕಾಗಿ. ಮನೆ ಗೆದ್ದು ಮಾರು ಗೆಲ್ಲು ಎಂದಿದ್ದಾರೆ. ನಮ್ಮ ಮಕ್ಕಳೇ ಕನ್ನಡದ ಪುಸ್ತಕ ಮುಟ್ಟದಿರುವಾಗ ಊರ ಮಕ್ಕಳಿಗೆ ನಮ್ಮ ಕುರ್ಚಿ, ನಮ್ಮ ದೀಪ ಏಕೆ?" ಎಂದರು. ಇನ್ನೊಬ್ಬರು, "ರಾಯರೇ, ಅದೇ ನಮ್ಮ ಮಕ್ಕಳು ಬರದೆ ಖಾಲಿ ಬಿದ್ದ ಕುರ್ಚಿಯಲ್ಲವೇ?" ಎಂದರು. ಸಭೆ ಬಿಸಿಯಾಯಿತು. ಚಹಾ ಬಂತು. ಚಹಾದ ಜೊತೆಗೆ ವಿಷಯವೂ ಮುಂದಿನ ಸಭೆಗೆ ಹೋಯಿತು.

ಎರಡು ಪಕ್ಷದಲ್ಲೂ ಸತ್ಯವಿತ್ತು. ಆದುದರಿಂದಲೇ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮರುದಿನ ಕೋಟೆಯ ಕಡೆಗೆ ಕೆಲಸವಿತ್ತು. ಕೆಲಸ ಮುಗಿದ ಮೇಲೆ ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ ಮೆಟ್ಟಿಲೇರಿದೆವು. ಮೆಟ್ಟಿಲಿನ ಬುಡದಲ್ಲಿ ಗಡ್ಡದ ಮುದುಕರೊಬ್ಬರ ಅಮೃತಶಿಲೆಯ ಪ್ರತಿಮೆ: ತಲೆಗೆ ರುಮಾಲು, ಮೈಗೆ ನೀಳವಾದ ನಿಲುವಂಗಿ. ಎಷ್ಟೋ ವರ್ಷಗಳಿಂದ ಅದರ ಪಕ್ಕದಲ್ಲೇ ಹಾದುಹೋದ ನಮಗೆ, ಈ ಹಿರಿಯರೂ ನಮ್ಮಂತೆಯೇ ಹೊಟ್ಟೆಪಾಡಿಗೆ ಪರವೂರಿಗೆ ಬಂದವರೆಂಬುದು ಅಂದು ಹೊಸದಾಗಿ ಹೊಳೆಯಿತು. ಈ ಸಲ ಅವರ ಮನೆತನದ ಕಥೆಯನ್ನೇ ಹೇಳೋಣವೆನಿಸಿತು.

ಡೇವಿಡ್ ಸಸೂನರು 1792ರಲ್ಲಿ ಬಗ್ದಾದಿನಲ್ಲಿ ಹುಟ್ಟಿದ ಯಹೂದ್ಯರು. ತಂದೆ ಅಲ್ಲಿನ ಪಾಶಾಗಳ ಖಜಾಂಚಿ, ಯಹೂದ್ಯ ಸಮಾಜದ ಮುಖಂಡ. ದಾವೂದ್ ಪಾಶಾನ ಕಾಲದಲ್ಲಿ ಕಿರುಕುಳ ಹೆಚ್ಚಿತು. ಮನೆತನ ಊರು ಬಿಡಬೇಕಾಯಿತು. ಇರಾನಿನ ಬುಶೆಹರ್ ಬಂದರಿನಲ್ಲಿ ಕೆಲಕಾಲ ನಿಂತು, 1830ರ ದಶಕದ ಆರಂಭದಲ್ಲಿ ಡೇವಿಡ್ ಸಸೂನರು ಹೆಂಡತಿ ಮಕ್ಕಳೊಂದಿಗೆ ಮುಂಬಯಿಗೆ ಬಂದರು. ಆಗ ವಯಸ್ಸು ನಲವತ್ತು. ಮುಂದಿನ ಮೂವತ್ತು ವರ್ಷಗಳಲ್ಲಿ ಹತ್ತಿ, ನೂಲು, ಬಟ್ಟೆ, ಅಫೀಮುಗಳ ವ್ಯಾಪಾರದಿಂದ ಅವರು ಈ ನಗರದ ಮಹಾಶ್ರೀಮಂತರಲ್ಲೊಬ್ಬರಾದರು. ಎಂಟು ಗಂಡುಮಕ್ಕಳಲ್ಲಿ ಒಬ್ಬೊಬ್ಬರನ್ನು ಒಂದೊಂದು ಬಂದರಿಗೆ ಕಳಿಸಿದರು. ಮುಂಬಯಿ, ಹಾಂಗ್‌ಕಾಂಗ್, ಶಾಂಘೈ, ಲಂಡನ್‌ಗಳಲ್ಲಿ ಸಸೂನರ ಪೇಢಿಗಳಾದವು. ಇಷ್ಟಾದರೂ ಅವರು ಬಗ್ದಾದಿನ ಉಡುಪು ಬಿಡಲಿಲ್ಲ. 1853ರಲ್ಲಿ ಬ್ರಿಟಿಷ್ ಪ್ರಜೆಯಾದಾಗ ಪತ್ರಕ್ಕೆ ರುಜು ಹಾಕಿದ್ದು ಹೀಬ್ರೂ ಅಕ್ಷರಗಳಲ್ಲಿ. ಪರವೂರಿನಲ್ಲಿ ಬೇರು ಬಿಟ್ಟರೂ ಸ್ವಂತ ಅಕ್ಷರ ಬಿಡದ ಈ ಹಟ ನಮ್ಮ ಓದುಗರಿಗೆ ಹಿಡಿಸದೆ ಇರಲಾರದು.

ಯಹೂದ್ಯರಲ್ಲಿ ದಾನಕ್ಕೆ 'ತ್ಸೆದಾಕಾ' ಎಂಬ ಮಾತಿದೆ. ಅದರ ಮೂಲದಲ್ಲಿರುವ ಅರ್ಥ ಕರುಣೆಯಲ್ಲ, ನ್ಯಾಯ. ಕೊಡುವುದು ದೊಡ್ಡಸ್ತಿಕೆಯಲ್ಲ, ಸಲ್ಲಿಸಬೇಕಾದ ಬಾಕಿ ಎಂಬ ಭಾವ. 12ನೆಯ ಶತಮಾನದ ಅವರ ಮಹಾಪಂಡಿತ ಮೈಮೊನಿಡೀಸರು ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮುಖ ಗಂಟಿಕ್ಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವರು ಯಾರೆಂದು ಪಡೆದವನಿಗೂ, ಪಡೆದವರು ಯಾರೆಂದು ಕೊಟ್ಟವನಿಗೂ ತಿಳಿಯದಂತೆ ಕೊಡುವುದು ಬಹು ಮೇಲಿನದು. ಎಲ್ಲಕ್ಕೂ ಮೇಲಿನದು ಯಾವುದೆಂದರೆ, ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು, ಅವನು ಮತ್ತೆ ಕೈಯೊಡ್ಡದಂತೆ ಮಾಡುವುದು. ಸಸೂನರ ಪೇಢಿಯ ಲೆಕ್ಕದಲ್ಲಿ ಪ್ರತಿ ವ್ಯವಹಾರದಿಂದಲೂ ಒಂದು ಸಣ್ಣ ಅಂಶವನ್ನು ಧರ್ಮಕ್ಕೆಂದು ಬೇರೆ ತೆಗೆದಿಡುವ ಪದ್ಧತಿಯಿತ್ತು. ನಮ್ಮ ಹಳೆಯ ಮಂಡಿ ವರ್ತಕರ ಖಾತೆ ಪುಸ್ತಕಗಳಲ್ಲಿ ಧರ್ಮಕ್ಕೆಂದು ಬೇರೆ ಬರೆದಿಡುತ್ತಿದ್ದಂತೆಯೇ ಇದು. ಲಾಭ ಬಂದ ವರ್ಷ ಉದಾರತೆ, ಬಾರದ ವರ್ಷ ಕೈಬಿಗಿ ಎಂಬ ಮಾತೇ ಇಲ್ಲ.

ಆ ಹಣದಿಂದ ಏನೇನಾಯಿತು? ಮೊದಲು ಮನೆಯನ್ನೇ ಗೆದ್ದರು. ಬಗ್ದಾದಿನಿಂದ ಬರುತ್ತಿದ್ದ ಬಡ ಯಹೂದ್ಯರಿಗೆ ಕೆಲಸ ಕೊಟ್ಟರು. ಅವರ ಮಕ್ಕಳಿಗೆ ಶಾಲೆ ತೆರೆದರು. 1861ರಲ್ಲಿ ಬೈಕಲಾದಲ್ಲಿ ಮಾಗೆನ್ ಡೇವಿಡ್ ಎಂಬ ಪ್ರಾರ್ಥನಾಮಂದಿರ ಎದ್ದಿತು. ಪುಣೆಯ ದಂಡಿನ ಪೇಟೆಯಲ್ಲಿ ಕೆಂಪು ಇಟ್ಟಿಗೆಯ ಓಹೆಲ್ ಡೇವಿಡ್ ಮಂದಿರ 1867ರಲ್ಲಿ ಪೂರ್ತಿಯಾಯಿತು. ಗಡಿಯಾರದ ಎತ್ತರದ ಗೋಪುರವುಳ್ಳ ಈ ಕಟ್ಟಡವನ್ನು ಊರ ಜನ ಇಂದಿಗೂ 'ಲಾಲ್ ದೇವಳ' ಎನ್ನುತ್ತಾರೆ. ಅದು ಮುಗಿದದ್ದನ್ನು ಕಾಣುವ ಯೋಗ ಕಟ್ಟಿಸಿದವರಿಗೆ ಇರಲಿಲ್ಲ. ಡೇವಿಡ್ ಸಸೂನರು 1864ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಅದೇ ಆವರಣದಲ್ಲಿ ಅವರ ಸಮಾಧಿಯಿದೆ.

ಮನೆಯೊಳಗಿನ ಕೆಲಸ ಮುಗಿದ ಮೇಲೆ ಮಾರು ಎಂದು ಅವರು ಕಾದು ಕೂರಲಿಲ್ಲ. ಎರಡೂ ಜೊತೆಜೊತೆಗೇ ನಡೆದವು. ಪುಣೆಯ ಸಸೂನ್ ಆಸ್ಪತ್ರೆ 1867ರದು. ಜಾತಿ ಮತ ಕೇಳದೆ ಎಲ್ಲರಿಗೂ ತೆರೆದ ಬಾಗಿಲು ಅದು. ಪುಣೆಯ ನಮ್ಮ ಕನ್ನಡ ಕುಟುಂಬಗಳಲ್ಲಿ ಆ ಆಸ್ಪತ್ರೆಯ ಋಣವಿಲ್ಲದ ಮನೆ ಅಪರೂಪವೇ ಸರಿ. 1924ರ ಜನವರಿಯಲ್ಲಿ ಯರವಡಾ ಸೆರೆಮನೆಯಲ್ಲಿದ್ದ ಗಾಂಧೀಜಿಗೆ ಕರುಳುಬಾಲದ ಬೇನೆಯಾದಾಗ ಶಸ್ತ್ರಚಿಕಿತ್ಸೆ ನಡೆದದ್ದು ಇಲ್ಲಿಯೇ. ನಡುವೆ ವಿದ್ಯುತ್ ದೀಪ ಆರಿಹೋಗಿ, ಕರ್ನಲ್ ಮ್ಯಾಡಕರು ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಿದರು. ದಿಕ್ಕಿಲ್ಲದ ಮುದುಕರ ಆಸರೆಗೆಂದು ಅದೇ ಊರಿನಲ್ಲಿ ಡೇವಿಡ್ ಸಸೂನರ ಹೆಸರಿನ ಅನಾಥ ಪಂಗು ಗೃಹವಿದೆ. 'ನಿವಾರಾ' ಎಂದರೆ ಪುಣೆಯವರಿಗೆಲ್ಲ ಗೊತ್ತು.

ಇನ್ನು ನಮ್ಮನ್ನು ಈ ಬರಹಕ್ಕೆ ಹಚ್ಚಿದ ಗ್ರಂಥಾಲಯ. ಇದರ ಮೂಲ ಸಸೂನರದಲ್ಲ ಎಂಬುದೇ ಅದರ ಸೊಗಸು. 1847ರಲ್ಲಿ ಸರ್ಕಾರಿ ಟಂಕಸಾಲೆ ಮತ್ತು ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ಕೆಲವು ಯುವಕ ಕೆಲಸಗಾರರು ಸೇರಿ ಕಟ್ಟಿಕೊಂಡ ಸಂಸ್ಥೆಯದು. ಕೈಕೆಲಸದವರೂ ಓದಬೇಕು, ಯಂತ್ರಗಳ ವಿಷಯ ತಿಳಿಯಬೇಕು ಎಂಬುದು ಅವರ ಹಂಬಲ. ಅವರಿಗೆ ಸ್ವಂತ ಮನೆ ಬೇಕೆಂದಾಗ ಸಸೂನರು ದೊಡ್ಡ ಮೊತ್ತ ಕೊಟ್ಟರು. ಈಗಿನ ಕಟ್ಟಡ 1870ರಲ್ಲಿ ಮುಗಿಯಿತು. ಮೇಲಿನ ಮೊಗಸಾಲೆಯ ಉದ್ದ ಕೈಗಳ ಆರಾಮ ಕುರ್ಚಿಯಲ್ಲಿ ಮಧ್ಯಾಹ್ನದ ಹೊತ್ತು ಪತ್ರಿಕೆಯನ್ನು ಮುಖದ ಮೇಲೆ ಹೊದ್ದು 'ಆಳವಾಗಿ ಓದುವ' ಮಹನೀಯರನ್ನು ನೋಡಿದವರೇ ಬಲ್ಲರು. ಹೋಟೆಲಿನಲ್ಲಿ ಹಗಲೆಲ್ಲ ದುಡಿದು ಇರುಳಲ್ಲಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಮೇಲೆ ಬಂದ ನಮ್ಮ ಹಿರಿಯರಿಗೂ ಆ ಟಂಕಸಾಲೆಯ ಹುಡುಗರಿಗೂ ದೂರವೇನೂ ಇಲ್ಲ.

ತಂದೆಯ ನಂತರ ಮಕ್ಕಳು, ಮೊಮ್ಮಕ್ಕಳು ಮುಂದುವರಿಸಿದರು. ಹಿರಿಯ ಮಗ ಆಲ್ಬರ್ಟರು 1875ರಲ್ಲಿ ಕೊಲಾಬಾದ ಸಸೂನ್ ಡಾಕ್ ಕಟ್ಟಿಸಿದರು. ಅದು ದಾನವಲ್ಲ, ವ್ಯಾಪಾರ. ಆದರೂ ಬೆಳಗಿನ ಜಾವದ ಅಲ್ಲಿನ ಮೀನು ಪೇಟೆಯಿಂದ ಎಷ್ಟು ಸಾವಿರ ಒಲೆ ಉರಿಯುತ್ತವೆಂಬುದನ್ನು ನಮ್ಮ ಕರಾವಳಿಯ ಬಂಧುಗಳು ನಮಗಿಂತ ಚೆನ್ನಾಗಿ ಹೇಳಬಲ್ಲರು. ಮೊಮ್ಮಗ ಜೇಕಬ್ ಸಸೂನರು ತಂದೆ ಎಲಿಯಾಸರ ನೆನಪಿಗೆ 1884ರಲ್ಲಿ ಕೋಟೆಯಲ್ಲಿ ಕೆನೆಸೆತ್ ಎಲಿಯಾಹು ಮಂದಿರ ಕಟ್ಟಿಸಿದರು. ತಾಯಿ ಲಿಯಾರ ಹೆಸರಿನ ಮಂದಿರ ಹಾಂಗ್‌ಕಾಂಗಿನಲ್ಲಿ, ಹೆಂಡತಿ ರೇಚಲರ ಹೆಸರಿನದು ಶಾಂಘೈಯಲ್ಲಿ. ಮುಂಬಯಿಯ ವಿಜ್ಞಾನ ಸಂಸ್ಥೆಗೆ 1911ರಲ್ಲಿ ಅಡಿಗಲ್ಲು ಬಿತ್ತು. ಅದಕ್ಕೆ ಹಣ ಕೊಟ್ಟ ನಾಲ್ವರೆಂದರೆ ಪಾರಸಿ ಕಾವಸ್‌ಜಿ ಜಹಾಂಗೀರರು, ಮುಸಲ್ಮಾನ ಕರೀಮ್‌ಭಾಯಿ ಇಬ್ರಾಹಿಮರು, ಹಿಂದೂ ವಸನ್‌ಜಿ ಮೂಲಜಿಯವರು ಮತ್ತು ಯಹೂದ್ಯ ಜೇಕಬ್ ಸಸೂನರು. ಆ ಅಂಗಳದಲ್ಲಿ ನಿಂತರೆ ಮುಂಬಯಿ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟು ಬರೆದು ನಿಲ್ಲಿಸಿದರೆ ಅದು ಸ್ತೋತ್ರವಾದೀತು, ಕಥೆಯಾಗಲಾರದು. ಎರಡು ಕಹಿ ಮಾತುಗಳನ್ನೂ ಹೇಳಬೇಕು.

ಮೊದಲನೆಯದು ಹಣದ ಮೂಲ. ಸಸೂನರ ಸಂಪತ್ತಿನಲ್ಲಿ ದೊಡ್ಡ ಪಾಲು ಚೀನಾಕ್ಕೆ ಸಾಗಿಸಿದ ಅಫೀಮಿನದು. ಅಂದಿನ ಬ್ರಿಟಿಷ್ ಕಾಯಿದೆ ಅದನ್ನು ತಡೆಯಲಿಲ್ಲ. ಆಳುವ ಕಂಪನಿ ಸರ್ಕಾರವೇ ಅದರಿಂದ ಹಣ ಮಾಡುತ್ತಿತ್ತು. ಮುಂಬಯಿಯ ಇತರ ದೊಡ್ಡ ವರ್ತಕರೂ ಅದರಲ್ಲಿದ್ದರು. ಆದರೇನು? ಇಲ್ಲಿ ಆಸ್ಪತ್ರೆ ಏಳುತ್ತಿದ್ದಾಗ ಅಲ್ಲಿ ಚೀನೀ ಮನೆಗಳು ಉರುಳುತ್ತಿದ್ದವೆಂಬುದು ಸುಳ್ಳಾಗುವುದಿಲ್ಲ. ದಾನದಿಂದ ಮೂಲದ ದೋಷ ತೊಳೆದುಹೋಗುತ್ತದೆಂದು ನಾವು ಒಪ್ಪಲಾರೆವು. ಮೂಲದ ದೋಷದಿಂದ ಆಸ್ಪತ್ರೆಯಲ್ಲಿ ಬದುಕಿದ ಜೀವಗಳು ಸುಳ್ಳಾಗುತ್ತವೆಂದೂ ಒಪ್ಪಲಾರೆವು. ಎರಡನ್ನೂ ಒಂದೇ ಖಾತೆಯಲ್ಲಿ ಬರೆದಿಡಬೇಕು.

ಎರಡನೆಯದು ಇನ್ನೂ ಹತ್ತಿರದ ನೋವು. ಬಗ್ದಾದಿನವರು ಬರುವ ಎಷ್ಟೋ ಕಾಲ ಮೊದಲೇ ಕೊಂಕಣದಲ್ಲಿ ಬೆನೆ ಇಸ್ರಾಯೇಲ್ ಎಂಬ ಯಹೂದ್ಯರಿದ್ದರು. ಗಾಣದ ಕಸುಬು, ಶನಿವಾರ ಗಾಣ ಹೂಡದ್ದರಿಂದ 'ಶನಿವಾರ ತೇಲಿ' ಎಂಬ ಹೆಸರು, ಮನೆಮಾತು ಮರಾಠಿ. ಮುಂಬಯಿಯ ಮೊದಲ ಯಹೂದ್ಯ ಮಂದಿರವನ್ನು 1796ರಲ್ಲಿ ಕಟ್ಟಿಸಿದವರು ಅವರಲ್ಲೊಬ್ಬರಾದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರರು. ಇವರ ಕಥೆಗೆ ನಮ್ಮ ನಾಡಿನ ನಂಟೂ ಇದೆ. ಕಂಪನಿಯ ಸೈನ್ಯದಲ್ಲಿದ್ದ ಇವರು ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿದ್ದರು. ಬದುಕಿ ಬಂದರೆ ದೇವರಿಗೊಂದು ಮನೆ ಕಟ್ಟಿಸುವೆನೆಂದು ಹರಕೆ ಹೊತ್ತಿದ್ದರಂತೆ. ಟಿಪ್ಪುವಿನ ತಾಯಿ ಇವರ ಪರವಾಗಿ ಮಾತಾಡಿದರೆಂಬ ಐತಿಹ್ಯವೂ ಉಂಟು. ಇಂಥ ಹಳಬರನ್ನು ಹೊಸದಾಗಿ ಬಂದ ಬಗ್ದಾದಿಗಳು ಸರಿಸಮ ಎಂದು ಎಣಿಸಲಿಲ್ಲ. 1836ರಲ್ಲಿ ಸ್ಮಶಾನದ ನಡುವೆ ಗೋಡೆ ಎಬ್ಬಿಸಬೇಕೆಂದು ಸರ್ಕಾರಕ್ಕೆ ಅರ್ಜಿ ಹೋಯಿತು! ಊರಿಗೆಲ್ಲ ಬಾಗಿಲು ತೆರೆದ ಸಮಾಜದಲ್ಲೇ ಒಡಹುಟ್ಟಿದವರಿಗೆ ಗೋಡೆ. ನಗುವ ಮುನ್ನ ನಮ್ಮ ಅಂಗಳ ನೋಡಿಕೊಳ್ಳುವುದು ಲೇಸು. ಮೈಸೂರಿನವರು, ಧಾರವಾಡದವರು, ಮಂಗಳೂರಿನವರು ಎಂದು ಒಂದೇ ನಗರದಲ್ಲಿ ನಾವು ಎಷ್ಟು ಫಲಕ ತೂಗುಹಾಕಿಲ್ಲ? ಆ ಫಲಕಗಳ ಹಿಂದೆ ಜಾತಿಯ ಫಲಕಗಳೆಷ್ಟಿಲ್ಲ?

ಕಡೆಗೆ ಏನಾಯಿತು? ಆಲ್ಬರ್ಟರು ಇಂಗ್ಲೆಂಡಿಗೆ ಹೋಗಿ ನೆಲಸಿದರು. ಉಳಿದವರೂ ಒಬ್ಬೊಬ್ಬರಾಗಿ ಹೋದರು. 1948ರಲ್ಲಿ ಇಸ್ರೇಲ್ ಆದ ಮೇಲೆ ಸಾಮಾನ್ಯ ಯಹೂದ್ಯ ಕುಟುಂಬಗಳೂ ಹಡಗು ಹತ್ತಿದವು. 1940ರ ದಶಕದಲ್ಲಿ ಭಾರತದಲ್ಲಿ ಇಪ್ಪತ್ತು ಸಾವಿರ ಮಿಕ್ಕಿದ್ದವರು 2011ರ ಜನಗಣತಿಯಲ್ಲಿ ಐದು ಸಾವಿರಕ್ಕೂ ಕಡಿಮೆ. ಬೈಕಲಾದ ಸಸೂನರ ಬೃಹನ್ನಿವಾಸ ಇಂದು ಮಸೀನಾ ಆಸ್ಪತ್ರೆ. ಮಾಗೆನ್ ಡೇವಿಡ್ ಮಂದಿರದ ಪಕ್ಕದ ಜೇಕಬ್ ಸಸೂನ್ ಶಾಲೆಯಲ್ಲಿ ಇಂದು ಓದುವವರಲ್ಲಿ ಬಹುಪಾಲು ಸುತ್ತಲಿನ ಮುಸಲ್ಮಾನ ಕುಟುಂಬಗಳ ಮಕ್ಕಳು. ಯಹೂದ್ಯ ಮಕ್ಕಳಿಗೆಂದು ತೆರೆದ ಶಾಲೆಯಲ್ಲಿ ಯಹೂದ್ಯ ಮಕ್ಕಳೇ ಇಲ್ಲವೆಂದು ಅದರ ಬಾಗಿಲು ಮುಚ್ಚಲಿಲ್ಲ. ಪ್ರತಿ ಬೆಳಗ್ಗೆ ಗಂಟೆ ಬಾರಿಸುತ್ತಲೇ ಇದೆ. ಕೋಟೆಯ ಮಂದಿರವೂ ದುರಸ್ತಿಯಾಗಿ 2019ರಲ್ಲಿ ಮತ್ತೆ ತೆರೆಯಿತು. ಪ್ರಾರ್ಥನೆಗೆ ಹತ್ತು ಜನ ಕೂಡಬೇಕೆಂಬ ನಿಯಮವಿರುವ ಆ ಸಮಾಜದಲ್ಲಿ, ಹತ್ತನೆಯವನಿಗಾಗಿ ಕಾಯುವ ದಿನ ಬಂದರೂ ಮನೆಯನ್ನು ಕಾಪಾಡಿಕೊಂಡು ಬಂದಿದ್ದಾರೆ.

ಇದನ್ನು ಯೋಚಿಸುವಾಗ ನಮ್ಮ ಎದೆ ಒಮ್ಮೆ ಝಲ್ಲೆಂದಿತು. ಇನ್ನೈವತ್ತು ವರ್ಷಕ್ಕೆ ಈ ನಗರದಲ್ಲಿ ಕನ್ನಡ ಓದುವ ಮಕ್ಕಳೆಷ್ಟು ಉಳಿದಾರು? ನಮ್ಮ ಮೊಮ್ಮಕ್ಕಳು ಯಾವ ದೇಶದಲ್ಲಿರುತ್ತಾರೋ! ಆಗ ಈ ವಾಚನಾಲಯ ಬೀಗ ಹಾಕಿದ ಕೋಣೆಯಾಗಿರಬೇಕೇ, ಗಲ್ಲಿಯ ಮಕ್ಕಳು ಓದುವ ಮನೆಯಾಗಿರಬೇಕೇ? ಹಿರಿಯರು ಎತ್ತಿದ ಪ್ರಶ್ನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಕನ್ನಡಕ್ಕೆಂದು ಕೂಡಿಸಿದ ಹಣ ಕನ್ನಡಕ್ಕೆ ಸಲ್ಲಲೇಬೇಕು. ಸಸೂನರೂ ಸ್ವಂತದವರನ್ನು ಬಿಟ್ಟು ಊರಿಗೆ ಕೊಡಲಿಲ್ಲ. ಆದರೆ ಬೀರುವಿನಲ್ಲಿ ಕನ್ನಡ ಪುಸ್ತಕ, ಬೆಂಚಿನ ಮೇಲೆ ಊರ ಮಕ್ಕಳು, ಎರಡಕ್ಕೂ ನಮ್ಮ ಕೋಣೆಯಲ್ಲಿ ಸ್ಥಳವಿದೆ. ಆ ಹುಡುಗರಲ್ಲೊಬ್ಬ ಮೊನ್ನೆ ಗೋಡೆಯ ಮೇಲಿನ ವರ್ಣಮಾಲೆಯನ್ನು ತೋರಿಸಿ, "ಚಾಚಾ, ಈ ಗುಂಡು ಗುಂಡು ಅಕ್ಷರ ಯಾವುದು?" ಎಂದು ಹಿಂದಿಯಲ್ಲಿ ಕೇಳಿದ. 'ಅ' ಎಂದು ಹೇಳಿಕೊಟ್ಟೆವು. ಮರುದಿನ ಬಂದು ತಪ್ಪಿಲ್ಲದೆ ಬರೆದು ತೋರಿಸಿದ.

ಮುಂದಿನ ಸಭೆಯಲ್ಲಿ ಈ ಮಾತು ಮತ್ತೆ ಬರಲಿದೆ. ಬಾಗಿಲು ತೆರೆದಿರಲಿ ಎಂದು ನಾವು ಕೈಯೆತ್ತುವವರು. ವಾಚಕ ಬಂಧುಗಳು, ಅದರಲ್ಲೂ ಮನೆಯ ಹೆಣ್ಣುಮಕ್ಕಳು, ತಮ್ಮ ಅಭಿಪ್ರಾಯವನ್ನು ಸಭೆಗೆ ಮುಂಚೆ ಬರೆದು ತಿಳಿಸಿದರೆ ಉಪಕಾರ. ಒಪ್ಪದವರ ಪತ್ರಗಳಿಗೂ ಇಲ್ಲಿ ಜಾಗವಿದೆ.