ಊರ ಬಾಯಿಗೆ ಹೆದರುವ ಮಕ್ಕಳು

ದಾವಣಗೆರೆ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಹಾಗೂ ಪದವಿ ಕಾಲೇಜುಗಳ ಪ್ರಾಂಶುಪಾಲರಿಗೆ,

ವಿಷಯ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ವಿದ್ಯಾರ್ಥಿಗಳು ಎಚ್‌ಐವಿ ಪರೀಕ್ಷೆಗೆ ಹಿಂಜರಿಯುತ್ತಿರುವ ಕುರಿತು.

ಮಾನ್ಯರೇ,

ಡಿಸೆಂಬರ್ 1 ಬಂತೆಂದರೆ ಮಕ್ಕಳ ಎದೆಗೆ ಕೆಂಪು ರಿಬ್ಬನ್ ಚುಚ್ಚಿ ಜಾಥಾ ಹೊರಡಿಸುತ್ತೇವೆ. ಸೋಂಕು ಹೇಗೆ ಹರಡುತ್ತದೆ ಎಂದು ಕೇಳಿ, ಪಟಪಟನೆ ಒಪ್ಪಿಸುತ್ತಾರೆ. ಪರೀಕ್ಷೆ ಉಚಿತವೆಂಬುದೂ ಗೊತ್ತು. ಮಾಡಿಸಿಕೊಳ್ಳುವ ಮಾತು ಬಂದರೆ ಮಾತ್ರ, 'ನಮಗ್ಯಾಕೆ ಮೇಡಂ?'

ಇದನ್ನು ಅರಿವಿನ ಕೊರತೆ ಎಂದು ವರದಿ ಬರೆದು ಮುಗಿಸಬೇಡಿ. ಇವರಿಗೆ ವೈರಾಣುವಿಗಿಂತ ಪರಿಚಯದವರ ಭಯ. ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಅತ್ತೆಯ ಊರಿನವರು, ಬೆಂಚಿನ ಮೇಲೆ ಕೂತವರು ಪಕ್ಕದ ಬೀದಿಯವರು. ನಾನು ಕಂಡ ಒಂದು ಆಸ್ಪತ್ರೆಯಲ್ಲಿ ಐಸಿಟಿಸಿ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಬೋರ್ಡು ಔಷಧಿ ಸಾಲಿನ ಕಣ್ಣೆದುರಿಗೇ ಇದೆ. ಫಲಿತಾಂಶ ನೆಗೆಟಿವ್ ಬಂದರೂ 'ಅಲ್ಲಿಗ್ಯಾಕೆ ಹೋಗಿದ್ಲು?' ಎಂಬುದಕ್ಕೆ ಆ ಚೀಟಿ ಉತ್ತರವಾಗದು. ಹೆಣ್ಣುಮಕ್ಕಳಿಗಂತೂ ಸಂಬಂಧ ಕೂಡುವ ತನಕ ಆ ಮಾತು ಬೆನ್ನು ಬಿಡದು.

ಅದೇ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಳಿದ ರಕ್ತಪರೀಕ್ಷೆಗಳ ಜೊತೆಗೇ ಎಚ್‌ಐವಿ ಪರೀಕ್ಷೆಯೂ ಆಗುತ್ತದೆ. ಅವರ ನಡತೆಯ ಬಗ್ಗೆ ಯಾರೂ ಸೊಲ್ಲೆತ್ತುವುದಿಲ್ಲ, ಎಲ್ಲರಿಗೂ ಮಾಡುತ್ತಾರಲ್ಲ! ವಿದ್ಯಾರ್ಥಿ ಮಾತ್ರ ತಾನೇ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ತಪ್ಪೊಪ್ಪಿಕೊಂಡ ಹಾಗೆ.

'ಇದ್ದರೆ ಮುಂದೇನು ಗತಿ' ಎಂಬ ದಿಗಿಲೂ ಉಂಟು. ಹೆದರಿಸುವ ಭಾಷಣಗಳಿಂದ ಅದನ್ನು ಬೆಳೆಸಿದವರು ನಾವೇ. ಸೋಂಕು ಗೊತ್ತಾದ ಎಲ್ಲರಿಗೂ ತಡಮಾಡದೆ ಉಚಿತ ಎಆರ್‌ಟಿ (ವೈರಾಣುವನ್ನು ಹತ್ತಿಕ್ಕುವ ಚಿಕಿತ್ಸೆ) ಕೊಡುವ ನೀತಿ 2017ರಿಂದಲೇ ಇದೆ. ಮಾತ್ರೆ ಬಿಡದೆ ನುಂಗಿ ರಕ್ತದಲ್ಲಿ ವೈರಾಣು ಕಾಣದ ಮಟ್ಟಕ್ಕಿಳಿದರೆ ಲೈಂಗಿಕ ಸಂಪರ್ಕದಿಂದ ಅದು ಹರಡುವುದಿಲ್ಲ. ಯಾವ ಜಾಥಾದಲ್ಲೂ ಈ ಘೋಷಣೆ ನಾನು ಕೇಳಿಲ್ಲ.

ನನಗೆ ಹೆಚ್ಚು ಆತಂಕವಿರುವುದು ರಕ್ತದಾನ ಶಿಬಿರವನ್ನೇ ಗುಟ್ಟಿನ ಪರೀಕ್ಷೆಯೆಂದು ಬಗೆಯುವವರ ಬಗ್ಗೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಅದು ಪರೀಕ್ಷೆಗೆ ಸಿಗದೆ ತಪ್ಪಿಸಿಕೊಳ್ಳಬಹುದು, ಆ ರಕ್ತ ಇನ್ಯಾರಿಗೋ ಏರಬಹುದು.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ, ಸೋಂಕಿದೆ ಎಂದು ಕಾಲೇಜಿನಿಂದ ಹೊರಗಿಡುವಂತಿಲ್ಲ. 18 ತುಂಬಿದವರಿಗೆ ಅಪ್ಪ ಅಮ್ಮನ ಸಹಿಯೂ ಬೇಡ. ಕಾಯ್ದೆ ಫಲಿತಾಂಶದ ಗುಟ್ಟನ್ನು ಕಾಯುತ್ತದೆ ಸರಿ, ಬಾಗಿಲು ದಾಟಿದ್ದನ್ನು ಯಾರು ಕಾಯಬೇಕು?

ಅಧಿಕಾರಿಗಳೇ, ಬೋರ್ಡು ಸರಿಸಿ, ಅದಕ್ಕೆ ಅನುದಾನ ಬೇಕಿಲ್ಲ. ಕಾಲೇಜು ಬಿಟ್ಟ ಮೇಲೂ ಕೇಂದ್ರ ತೆರೆದಿರಲಿ. ಹಿಮೋಗ್ಲೋಬಿನ್, ಸಕ್ಕರೆ ನೋಡುವ ಶಿಬಿರದಲ್ಲೇ, ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ, ಒಪ್ಪಿದವರಿಗೆ ಇದನ್ನೂ ಮಾಡಿ. ಪ್ರಾಂಶುಪಾಲರೇ, ನೂರಕ್ಕೆ ನೂರು ಪರೀಕ್ಷೆ ಎಂದು ತರಗತಿಯನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಬೇಡಿ. ಸ್ವಂತ ತಾಲ್ಲೂಕಿನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ, ನ್ಯಾಮತಿ, ಹೊನ್ನಾಳಿಯವರು ಶಿವಮೊಗ್ಗಕ್ಕೆ, ಚನ್ನಗಿರಿ, ಜಗಳೂರಿನವರು ದಾವಣಗೆರೆಗೆ ಹೋಗಬಹುದು ಎಂದು ತಿಳಿಸಿ. ಉಚಿತ ಸಹಾಯವಾಣಿ 1097ನ್ನು ವಿದ್ಯಾರ್ಥಿಗಳ ಗುರುತಿನ ಚೀಟಿಯ ಹಿಂಬದಿಗೆ ಅಚ್ಚು ಹಾಕಿಸಿ.

ಇಂತಿ,
ಒಬ್ಬ ಪದವಿ ಕಾಲೇಜು ಉಪನ್ಯಾಸಕಿ