ತಂಪಾದುದೆಲ್ಲ ಶುದ್ಧವಲ್ಲ

ಬೀದಿಯ ಧೂಳನ್ನೂ ಲಾರಿಯ ಹೊಗೆಯನ್ನೂ ಹಳಿಯುವುದು ನಮಗೆಲ್ಲ ರೂಢಿ. ಆದರೆ ದಿನವೂ ಏಳೆಂಟು ಗಂಟೆ ಕಚೇರಿಯಲ್ಲಿ ಕುಳಿತವರು ಸೇವಿಸುವ ಗಾಳಿಯ ವಿಚಾರ ಮಾಡುವವರು ವಿರಳ. ಗುಮಾಸ್ತರಾದ ನನ್ನ ತಂದೆಯವರು ಸಂಜೆ ಮನೆಗೆ ತಲೆನೋವು, ಕಣ್ಣುರಿಗಳನ್ನು ಹೊತ್ತು ತರುತ್ತಾರೆ. ಭಾನುವಾರ ಅವೆರಡೂ ಇಲ್ಲ! ಇದನ್ನು ವಯಸ್ಸಿನ ದೋಷವೆನ್ನಲು ನಾನು ಒಪ್ಪಲಾರೆ.

ಅವರ ಕೋಣೆಯಲ್ಲಿ ಏನುಂಟು? ಹಳೆಯ ಕಡತಗಳ ಧೂಳು, ಹೊಸ ಪ್ಲೈವುಡ್ ಮೇಜುಗಳ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನಿಲ, ಜೆರಾಕ್ಸ್ ಯಂತ್ರದ ಸೂಕ್ಷ್ಮ ಕಣಗಳು, ಜತೆಗೆ ಹತ್ತಾರು ಜನರ ನಿಶ್ವಾಸ. ಗೋಡೆಯ ಮೇಲಣ ಎ.ಸಿ. ಇವನ್ನೆಲ್ಲ ಹೊರದೂಡುವುದೆಂಬುದು ಭ್ರಮೆ. ಅದು ಒಳಗಿನ ಗಾಳಿಯನ್ನೇ ಹೀರಿ, ತಂಪುಗೊಳಿಸಿ, ಮತ್ತೆ ಒಳಕ್ಕೇ ಬಿಡುತ್ತದೆ. ಹೊರಗಿನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು 420 ಭಾಗ. ಜನ ತುಂಬಿದ ಮುಚ್ಚಿದ ಕೋಣೆಯಲ್ಲಿ ಅದು 1000ವನ್ನು ಸುಲಭವಾಗಿ ದಾಟುತ್ತದೆ. ಜರ್ಮನಿಯ ವಿಜ್ಞಾನಿ ಪೆಟೆನ್‌ಕೋಫರ್ 1858ರಷ್ಟು ಹಿಂದೆಯೇ ಆ 1000ವನ್ನು ಮಿತಿಯೆಂದು ಸೂಚಿಸಿದ್ದನು.

ಕಿಟಕಿ ತೆರೆದರೆ ಬೀದಿಯ ಧೂಳು ಬರುವುದಿಲ್ಲವೆ ಎಂದು ಕೇಳಬಹುದು. ನಿಜವೇ. ವಾಹನ ಸಂಚಾರ ಹೆಚ್ಚುವ ಮೊದಲು ತೆರೆಯಬಹುದು, ಹಿಂಭಾಗದ ಕಿಟಕಿ ತೆರೆಯಬಹುದು, ಎಕ್ಸಾಸ್ಟ್ ಫ್ಯಾನ್ ಹಾಕಿಸಬಹುದು. ಇವು ದುಬಾರಿಯ ಉಪಾಯಗಳಲ್ಲ. ಮನಸ್ಸೊಂದು ಬೇಕು. ಕಚೇರಿಯಲ್ಲಿ ಬೀಡಿ, ಸಿಗರೇಟು ಸೇದುವುದೂ ಒಂದು ಕಾಲಕ್ಕೆ ಸಹಜವೆನಿಸಿತ್ತು. 2008ರ ಅಕ್ಟೋಬರ್ 2ರಿಂದ ಅದು ನಿಷಿದ್ಧವಾಯಿತು.

ನಾಳೆ ಅಂಥ ಕುರ್ಚಿಗಳಲ್ಲಿ ಕೂರುವವರು ನಾವೇ ಅಲ್ಲವೆ, ಮಿತ್ರರೆ? ಸಂಬಳ, ಭತ್ಯೆಗಳನ್ನು ಕೇಳುವ ದನಿಯಲ್ಲೇ ಶುದ್ಧವಾದ ಗಾಳಿಯನ್ನೂ ಕೇಳಲು ಕಲಿಯೋಣ.