ರಾಮನಗರದ ಬಂಡೆಗೆ 250 ಕೋಟಿ ವರ್ಷ: ಈ ಲೆಕ್ಕ ಸಿಕ್ಕಿದ್ದು ಹೇಗೆ?

1975ರ 'ಶೋಲೆ' ಚಿತ್ರದಲ್ಲಿ ಕಾಣುವ ರಾಮನಗರದ ಬಂಡೆಗಳಿಗೆ ಭೂವಿಜ್ಞಾನದಲ್ಲಿ ಬೇರೊಂದು ಹೆಸರಿದೆ: ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಈ ಗ್ರಾನೈಟ್ ಪಟ್ಟಿ ಉತ್ತರ-ದಕ್ಷಿಣವಾಗಿ ಸುಮಾರು 400 ಕಿ.ಮೀ. ಚಾಚಿಕೊಂಡಿದೆ. ಸಾವನದುರ್ಗವೂ ಇದರದೇ ಭಾಗ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ.

ಕಾರ್ಬನ್ ಡೇಟಿಂಗ್ ಅಲ್ಲ

ಬಂಡೆಯ ವಯಸ್ಸನ್ನು ಕಾರ್ಬನ್ ಡೇಟಿಂಗ್‌ನಿಂದ ತಿಳಿಯುತ್ತಾರೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಕಾರ್ಬನ್-14ರ ಅರ್ಧಾಯು ಸುಮಾರು 5,730 ವರ್ಷ. ಮರ, ಮೂಳೆಯಂತಹ ಒಮ್ಮೆ ಜೀವವಿದ್ದ ವಸ್ತುಗಳಿಗೆ, ಅದೂ ಸುಮಾರು 50 ಸಾವಿರ ವರ್ಷಗಳವರೆಗೆ ಮಾತ್ರ ಅದು ಉಪಯುಕ್ತ.

ಗ್ರಾನೈಟಿಗೆ ಬೇಕಾದ ಗಡಿಯಾರ ಜಿರ್ಕಾನ್ ಎಂಬ ಖನಿಜದಲ್ಲಿದೆ. ಇದರ ಹರಳುಗಳು ಸಾಮಾನ್ಯವಾಗಿ ಚಿರೋಟಿ ರವೆಯಷ್ಟು ಅಥವಾ ಅದಕ್ಕಿಂತ ಚಿಕ್ಕವು. ಶಿಲಾಪಾಕ ತಣ್ಣಗಾಗುವಾಗ ಹುಟ್ಟುವ ಈ ಹರಳು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಮುಂದೆ ಯುರೇನಿಯಂ-238 ನಿಧಾನವಾಗಿ ಕ್ಷಯಿಸಿ ಸೀಸ-206 ಆಗುತ್ತದೆ. ಇದರ ಅರ್ಧಾಯು 447 ಕೋಟಿ ವರ್ಷ. ಹರಳಿನಲ್ಲಿ ಉಳಿದ ಪ್ರತಿ 100 ಯುರೇನಿಯಂ ಪರಮಾಣುಗಳಿಗೆ ಸುಮಾರು 48 ಸೀಸದ ಪರಮಾಣುಗಳು ಸಿಕ್ಕರೆ, ವಯಸ್ಸು 250 ಕೋಟಿ ವರ್ಷದ ಆಸುಪಾಸು ಎಂದರ್ಥ.

ನಡುವೆ ಸೀಸ ಸೋರಿಹೋಗಿದ್ದರೆ? ಅದಕ್ಕೂ ಪರೀಕ್ಷೆಯಿದೆ. ಅದೇ ಹರಳಿನಲ್ಲಿ ಯುರೇನಿಯಂ-235 ಬೇರೆ ವೇಗದಲ್ಲಿ ಸೀಸ-207 ಆಗುತ್ತಿರುತ್ತದೆ. ಎರಡು ಗಡಿಯಾರಗಳೂ ಒಂದೇ ಸಮಯ ತೋರಿಸಿದರೆ ಲೆಕ್ಕವನ್ನು ನಂಬಬಹುದು. ತೋರಿಸದಿದ್ದರೆ ಏನೋ ವ್ಯತ್ಯಾಸವಾಗಿದೆ ಎಂದು ತಿಳಿಯುತ್ತದೆ.

ಬಂಡೆಯ ವಯಸ್ಸು ಬೆಟ್ಟದ ವಯಸ್ಸಲ್ಲ

ಇನ್ನೊಂದು ತಪ್ಪು ಕಲ್ಪನೆ ಇಲ್ಲಿದೆ. 250 ಕೋಟಿ ವರ್ಷ ಎಂಬುದು ಶಿಲಾಪಾಕ ನೆಲದಡಿ ಹಲವು ಕಿ.ಮೀ. ಆಳದಲ್ಲಿ ಗಟ್ಟಿಯಾದ ಕಾಲ. ಮೇಲಿದ್ದ ಕಲ್ಲೆಲ್ಲ ಸವೆದುಹೋದ ಮೇಲಷ್ಟೇ ಅದು ಹೊರಗೆ ಕಂಡಿತು. ಇಂದಿನ ಬೆಟ್ಟಗಳ ಆಕಾರ ಬಹಳ ಈಚಿನದು.

ಹಾಗಾದರೆ ಪರ್ವತಗಳ ಬಗ್ಗೆ ಇದು ಏನು ಹೇಳುತ್ತದೆ? ಭೂಖಂಡಗಳು ಡಿಕ್ಕಿಯಾದಾಗ ಭೂಚಿಪ್ಪು ದಪ್ಪಗಾಗುತ್ತದೆ, ಅದರ ಆಳದ ಭಾಗ ಕಾದು ಕರಗಬಹುದು. ಹಿಮಾಲಯದಲ್ಲಿ ಹೀಗೆ ಹುಟ್ಟಿದ, ಸುಮಾರು 2 ಕೋಟಿ ವರ್ಷ ಹಳೆಯ ಗ್ರಾನೈಟ್‌ಗಳಿವೆ. ಕ್ಲೋಸ್‌ಪೇಟೆ ಪಟ್ಟಿಯ ಪಶ್ಚಿಮಕ್ಕೆ 300 ಕೋಟಿ ವರ್ಷ ಮೀರಿದ ಶಿಲೆಗಳು ಹೆಚ್ಚು, ಪೂರ್ವಕ್ಕೆ ಅದಕ್ಕಿಂತ ಎಳೆಯವು ಹೆಚ್ಚು. ಎರಡು ಭೂಖಂಡದ ತುಣುಕುಗಳು ಇಲ್ಲಿ ಬೆಸೆದುಕೊಂಡವು ಎಂಬುದು ಹಲವು ವಿಜ್ಞಾನಿಗಳ ವಾದ. ಭೂಮಿಯ ಆಳದಿಂದ ಎದ್ದ ಬಿಸಿ ಪ್ರವಾಹವೇ ಕಾರಣ ಎಂಬ ವಾದವೂ ಇದೆ. ವಯಸ್ಸು 'ಯಾವಾಗ' ಎಂಬುದನ್ನು ಹೇಳುತ್ತದೆ. 'ಹೇಗೆ' ಎಂಬುದಕ್ಕೆ ಕಲ್ಲಿನ ರಾಸಾಯನಿಕ ಗುಣ, ಮಡಿಕೆ, ಬಿರುಕುಗಳನ್ನೂ ಓದಬೇಕು.

ಹಾಗೆ ಓದಲು ಬಂಡೆ ಅದು ಹುಟ್ಟಿದ ಜಾಗದಲ್ಲೇ ಇರಬೇಕು. ಕ್ವಾರಿಯಿಂದ ಹೊರಬಂದು ಅಡುಗೆಮನೆಯ ಕಟ್ಟೆಯಾದ ಗ್ರಾನೈಟಿನಲ್ಲೂ ಜಿರ್ಕಾನ್ ಇರುತ್ತದೆ, ಅದರ ವಯಸ್ಸನ್ನೂ ಅಳೆಯಬಹುದು. ಆದರೆ ಅದು ಯಾವ ಶಿಲೆಯ ಪಕ್ಕದಲ್ಲಿತ್ತು, ಯಾವುದನ್ನು ಸೀಳಿಕೊಂಡು ಬಂದಿತ್ತು ಎಂಬ ಮಾಹಿತಿ ಮತ್ತೆ ಸಿಗುವುದಿಲ್ಲ.